ಬೆಳಕಿನ ಚಿಪ್ ಬಗ್ಗೆ ‘ಹಳೆಮನೆ ಬಳಗ’ದಲ್ಲಿ ನಡೆದ ಚರ್ಚೆ

ರಾಘಣ್ಣ ಮಾವ (ತೀರ್ಥಹಳ್ಳಿ): ಮೇಲೆ ಕಳಿಸಿರುವ ಲೇಖನವನ್ನು ಎಲ್ಲರೂ ಓದಿರಿ. ಇನ್ನು ಚಿಪ್‌ನೊಳಗೆ ವಿದ್ಯುತ್ತಿನ ಬದಲು ಬೆಳಕೇ ಹರಿಯಲಿದ್ದು, ಈಗಿನ ಪ್ರೊಸೆಸರ್‌ಗಳೆಲ್ಲ ಮೂಲೆ ಸೇರಲಿವೆಯಂತೆ. ಬೆಳಕಿಗಿಂತ ವೇಗವಾದದ್ದು ಯಾವುದಿದೆ?

ಸುಮಾ (ಶಿವಮೊಗ್ಗ): ಮಾವ, ಶೀರ್ಷಿಕೆ ಲೇಖನವನ್ನೇ ಮೀರಿ ಹೋಗಿದೆ. ಚಿಪ್ ಮಾಡುವ ಸಿಲಿಕಾನಿನ ವಕ್ರೀಭವನ ಸೂಚ್ಯಂಕ (ಬೆಳಕು ನಿರ್ವಾತಕ್ಕಿಂತ ಎಷ್ಟು ಪಟ್ಟು ನಿಧಾನವಾಗುತ್ತದೆ ಎಂಬ ಅಳತೆ) ಸುಮಾರು 3.5 ಇರುವುದರಿಂದ ಅದರೊಳಗೆ ಬೆಳಕು ನಿರ್ವಾತದಲ್ಲಿ ಓಡಿದಂತೆ ಓಡಲಾರದು. ಲಾಭವಿರುವುದು ಸಾಗಣೆಯಲ್ಲಿ: ತಾಮ್ರದ ತಂತಿಯಲ್ಲಿ ಆವೃತ್ತಿ ಏರಿದಂತೆ ನಷ್ಟವೂ ಏರುತ್ತದೆ, ಬೆಳಕಾದರೆ ಹಲವು ತರಂಗಾಂತರಗಳು, ಅಂದರೆ ಬೇರೆ ಬೇರೆ ಬಣ್ಣಗಳಿದ್ದಂತೆ, ಒಂದೇ ಹಾದಿಯಲ್ಲಿ ಬೇರೆ ಬೇರೆ ದತ್ತಾಂಶವನ್ನು ಒಯ್ಯಬಲ್ಲವು.

ಶ್ರೀಪಾದ ಭಾವ (ಸಾಗರ): ಅಷ್ಟು ಸಣ್ಣ ಜಾಗದಲ್ಲಿ ಬೆಳಕನ್ನು ಹಿಡಿದಿಡುವುದು ಹೇಗೆ?

ಸುಮಾ: ಸುಮಾರು 450 ನ್ಯಾನೋಮೀಟರ್ ಅಗಲ, 220 ನ್ಯಾನೋಮೀಟರ್ ಎತ್ತರದ ಸಿಲಿಕಾನ್ ಪಟ್ಟಿಯ ಸುತ್ತ ಸೂಚ್ಯಂಕ 1.44ರಷ್ಟೇ ಇರುವ ಸಿಲಿಕಾ, ಅಂದರೆ ಒಂದು ಬಗೆಯ ಗಾಜು, ಇರುತ್ತದೆ. ಆ ವ್ಯತ್ಯಾಸವೇ ಬೆಳಕನ್ನು ಒಳಗೆ ತಡೆಯುತ್ತದೆ. ಅಡಿಕೆ ದಂಬೆಯಲ್ಲಿ ನೀರು ಹರಿದಂತೆ ಎನ್ನಬಹುದು, ಆದರೆ ಬೆಳಕು ಅಂಚಿನಿಂದ ತುಸು ಹೊರಗೂ ಚಾಚಿರುತ್ತದೆ. ಹಾಗೆ ಚಾಚುವುದರಿಂದಲೇ ಪಕ್ಕದಲ್ಲಿ ಕೆತ್ತಿದ, ಕೆಲವೇ ಮೈಕ್ರೋಮೀಟರ್ ತ್ರಿಜ್ಯದ ಉಂಗುರಕ್ಕೆ ಅದು ದಾಟುತ್ತದೆ. ಉಂಗುರದ ಒಂದು ಸುತ್ತಿನಲ್ಲಿ ಪೂರ್ಣ ಸಂಖ್ಯೆಯ ಅಲೆಗಳಾಗಿ ಕೂರುವ ತರಂಗಾಂತರ ಮಾತ್ರ ಅಲ್ಲಿ ಬಲಗೊಳ್ಳುತ್ತದೆ. ಸಿಲಿಕಾನಿಗೆ ಎಲೆಕ್ಟ್ರಾನುಗಳನ್ನು ತುಂಬಿದರೆ ಅಥವಾ ಹೊರದೂಡಿದರೆ ಸೂಚ್ಯಂಕ ಕಿಂಚಿತ್ ಬದಲಾಗಿ, ಆ ತರಂಗಾಂತರವೂ ಸರಿಯುತ್ತದೆ. ಹೀಗೆ ಬೆಳಕನ್ನು ತಡೆದು, ಬಿಟ್ಟು ದತ್ತಾಂಶವನ್ನು ಅದರ ಮೇಲೆ ಬರೆಯುತ್ತಾರೆ. ಸೋರೆಫ್ ಮತ್ತು ಬೆನೆಟ್ ಎಂಬ ಸಂಶೋಧಕರು 1987ರಲ್ಲಿ ಈ ಪರಿಣಾಮವನ್ನು ಲೆಕ್ಕ ಹಾಕಿ ತೋರಿಸಿದರು. ಬೆಳಕಿಗೆ ಲಗಾಮು ಹಾಕುವುದು ಕೊನೆಗೂ ವಿದ್ಯುತ್ತೇ.

ಶ್ರೀಪಾದ ಭಾವ: ಬಿಸಿಯಾದರೂ ಸೂಚ್ಯಂಕ ಬದಲಾಗುತ್ತದಲ್ಲವೇ? ಪಕ್ಕದಲ್ಲಿ ಪ್ರೊಸೆಸರ್ ಬಿಸಿಯಾಗುತ್ತಿರುವಾಗ ಉಂಗುರ ತನ್ನ ತರಂಗಾಂತರದಲ್ಲಿ ನಿಲ್ಲುವುದೇ?

ಸುಮಾ: ನಿಲ್ಲುವುದಿಲ್ಲ, ಭಾವ. ಒಂದು ಡಿಗ್ರಿಗೆ ಸುಮಾರು 0.07 ನ್ಯಾನೋಮೀಟರ್ ಸರಿಯುತ್ತದೆ. ಅದನ್ನು ಸರಿಪಡಿಸಲು ಪ್ರತಿ ಉಂಗುರದ ಮೇಲೂ ಸಣ್ಣ ಹೀಟರ್ ಇಡುತ್ತಾರೆ.

ಶ್ರೀಪಾದ ಭಾವ: ಅಂದರೆ ತಂತಿಯಲ್ಲಿ ಉಳಿಸಿದ ವಿದ್ಯುತ್ತನ್ನು ಹೀಟರಿಗೆ ಸುರಿಯುವುದು! ಇದಕ್ಕೆ ಇಷ್ಟು ಸಂಭ್ರಮ ಬೇಕೇ?

ಸುಮಾ: ಸಣ್ಣ ದೂರಕ್ಕೆ ನಿಮ್ಮ ಆಕ್ಷೇಪ ನ್ಯಾಯವೇ, ಆದರೆ ದತ್ತಾಂಶ ಕೇಂದ್ರಗಳಲ್ಲಿ ಒಂದು ಕಪಾಟಿನಿಂದ ಇನ್ನೊಂದಕ್ಕೆ ಕಳಿಸುವಾಗ ಲೆಕ್ಕ ಬೆಳಕಿನ ಕಡೆಗೇ ವಾಲುತ್ತದೆ.

ರಾಘಣ್ಣ ಮಾವ: ನಾಳೆ ಲೆಕ್ಕಾಚಾರವನ್ನೂ ಬೆಳಕೇ ಮಾಡಬಾರದೇಕೆ?

ಸುಮಾ: ಬೆಳಕಿನ ಒಂದು ಕಣ, ಅಂದರೆ ಫೋಟಾನ್, ಇನ್ನೊಂದನ್ನು ಸುಲಭವಾಗಿ ತಡೆಯುವುದಿಲ್ಲ, ಹಾಗಾಗಿ ಲೆಕ್ಕಾಚಾರಕ್ಕೆ ಬೇಕಾದ ಸ್ವಿಚ್, ಅಂದರೆ ಬೆಳಕಿನ ಟ್ರಾನ್ಸಿಸ್ಟರ್, ಕಟ್ಟುವುದು ಬಹಳ ಕಷ್ಟ. ಅದಿರಲಿ, ಸಿಲಿಕಾನ್ ತಾನಾಗಿ ಚೆನ್ನಾಗಿ ಬೆಳಕು ಸೂಸುವುದೂ ಇಲ್ಲ. ಇಂಡಿಯಂ ಫಾಸ್ಫೈಡ್ ಎಂಬ ಬೇರೊಂದು ಅರೆವಾಹಕದ ಲೇಸರನ್ನು ಬೇರೆಯಾಗಿ ತಂದು ಜೋಡಿಸಬೇಕು.

ರಾಘಣ್ಣ ಮಾವ: ಅದನ್ನೂ ಲೇಖನದ ಕೊನೆಯಲ್ಲಿ ಬರೆದಿದ್ದಾರೆ. ನೀನು ಶೀರ್ಷಿಕೆಯೊಡನೆ ಜಗಳವಾಡುತ್ತಿದ್ದೀಯೆ, ಲೇಖನದೊಡನೆ ಅಲ್ಲ.

ಸುಮಾ: ಮಾವ, ನೀವು ಮೇಲೆ ಬರೆದದ್ದು ಶೀರ್ಷಿಕೆಯನ್ನೇ.