ಪದ ಬೇಕು, ಸಂಜೆಯೊಳಗೆ: ಗ್ರಾಫಿಕ್ಸ್ ಕಾರ್ಡ್ ಸ್ಲಾಟಿನ ತುದಿಯ ಲ್ಯಾಚಿಗೆ ಏನನ್ನೋಣ?

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ಕಾಲೇಜಿನ ಹಾರ್ಡ್‌ವೇರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಮೊದಲ ಸಲ ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಮಕ್ಕಳಿಗಾಗಿ ಗೋಡೆ ಮೇಲೆ ಒಂದು ದೊಡ್ಡ ಹಾಳೆ ಅಂಟಿಸಬೇಕು. ಮುಕ್ಕಾಲು ಪಾಲು ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಫ್ಲೆಕ್ಸ್ ಅಂಗಡಿಯವರು ಸಂಜೆ 5ರೊಳಗೆ ಫೈಲ್ ಕೊಡಿ ಅಂದಿದ್ದಾರೆ.

ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಉದ್ದನೆಯ ಸ್ಲಾಟಿನ ತುದಿಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತದೆ. ಕಾರ್ಡನ್ನು ಒತ್ತಿ ಕೂರಿಸಿದಾಗ ಅದು ಟಕ್ ಅಂತ ಎದ್ದು ಕಾರ್ಡಿನ ಅಡಿಯ ಗೀರಿಗೆ ಸಿಕ್ಕಿಕೊಳ್ಳುತ್ತದೆ. ತೆಗೆಯುವಾಗ ಮೊದಲು ಅದನ್ನು ಬಿಡಿಸಬೇಕು. ನಮ್ಮ ಹುಡುಗರು ಹಿಂಬದಿಯ ಸ್ಕ್ರೂ ಬಿಚ್ಚಿದ ಕೂಡಲೇ ಕೆಲಸ ಮುಗಿಯಿತು ಅಂದುಕೊಂಡು ಎಳೆಯುತ್ತಾರೆ. ಹೋದ ಬ್ಯಾಚಿನಲ್ಲಿ ಒಬ್ಬ ಎಳೆದ ರಭಸಕ್ಕೆ ಆ ತುಂಡೇ ಮುರಿದು ಬೋರ್ಡಿನ ಮೇಲೆ ಬಿತ್ತು. ಸದ್ಯ, ಸ್ಲಾಟಿಗೆ ಏನೂ ಆಗಲಿಲ್ಲ.

ಈಗ ಬರೆದಿರುವ ಸಾಲು: "ಲ್ಯಾಚ್‌ಅನ್ನು ಬಿಡುಗಡೆಗೊಳಿಸಿ ಕಾರ್ಡ್‌ಅನ್ನು ಹೊರತೆಗೆಯಿರಿ." ನನಗೇ ಹಿಡಿಸುತ್ತಿಲ್ಲ. ಲ್ಯಾಚಿಗೆ ಒಂದು ಪದ ಕೊಡಿ.

ಮೈಸೂರಿನಿಂದ:

ಮೊದಲು ಆ "ಕಾರ್ಡ್‌ಅನ್ನು" ತೆಗೆಯಿರಿ. ಕಾರ್ಡನ್ನು, ಸ್ಲಾಟಿಗೆ, ಬೋರ್ಡಿನಲ್ಲಿ. ಬಸ್ಸಿಗೆ ಕೊಟ್ಟ ಮರ್ಯಾದೆಯನ್ನು ಕಾರ್ಡಿಗೂ ಕೊಡಿ.

ಲ್ಯಾಚ್ ಎಂದರೆ ಅಗುಳಿ. ಅಚ್ಚಗನ್ನಡ ಪದ. ಇದರಲ್ಲಿ ಚರ್ಚೆ ಮಾಡಲು ಏನೂ ಇಲ್ಲ.

ಉಡುಪಿಯಿಂದ:

ಇದೆ. ಸಂಸ್ಕೃತದ ಅರ್ಗಲವೇ ಸವೆದು ಅಗುಳಿ ಆದದ್ದು. ಶುದ್ಧ ತದ್ಭವ. ಪದ ಚೆನ್ನಾಗಿಯೇ ಇದೆ, ನನ್ನ ತಕರಾರಿಲ್ಲ. ಆದರೆ ಪ್ರತಿಯೊಂದಕ್ಕೂ ಅಚ್ಚಗನ್ನಡದ ಮೊಹರು ಒತ್ತುವುದು ಯಾಕೆ?

ಅಂದಹಾಗೆ, ಈಗಿನ ಮಕ್ಕಳು ಅಗುಳಿ ನೋಡಿದ್ದಾರಾ? ನಮ್ಮ ಹಳೆಯ ಮನೆಯಲ್ಲಿತ್ತು, ಬಾಗಿಲಿಗೆ ಅಡ್ಡ ಹಾಕುವ ಮರದ ತುಂಡು. ಲ್ಯಾಬಿನ ಮಕ್ಕಳು ಬೋರ್ಡಿನ ಮೇಲೆ ಅದನ್ನು ಎಲ್ಲಿ ಹುಡುಕಬೇಕು?

ಧಾರವಾಡದಿಂದ:

ನಮ್ಮ ಕಡೆ ಬಾಗಿಲಿಗೆ ಕೊಂಡಿ ಹಾಕುತ್ತೇವೆ, ಕೊಂಡಿ ತೆಗೆಯುತ್ತೇವೆ. ಚೇಳಿನ ಬಾಲದಲ್ಲಿರುವುದೂ ಕೊಂಡಿಯೇ. ಡೊಂಕಾಗಿ ಬಂದು ಹಿಡಿದುಕೊಳ್ಳುವ ಸಣ್ಣ ತುಂಡಿಗೆ ಇದಕ್ಕಿಂತ ಒಳ್ಳೆಯ ಪದ ಬೇಕಾ? "ಕೊಂಡಿ ಒತ್ತಿ ಕಾರ್ಡ್ ತೆಗೆಯಿರಿ" ಅಂತ ಬರೆದು ಕಳಿಸಿರಿ ಅಕ್ಕಾ.

ತುಮಕೂರಿನಿಂದ:

ರಾಯರೇ, ಕೊಂಡಿ ನನಗೂ ಇಷ್ಟವಾಯಿತು. ಒಂದೇ ತೊಂದರೆ. ಕನ್ನಡ ಜಾಲತಾಣಗಳಲ್ಲಿ ಲಿಂಕಿಗೆ ಕೊಂಡಿ ಅಂತಲೇ ಬರೆಯುತ್ತಾರೆ. ಕಂಪ್ಯೂಟರ್ ಲ್ಯಾಬಿನಲ್ಲಿ "ಕೊಂಡಿ ಒತ್ತಿ" ಅಂದರೆ ಮಕ್ಕಳ ಕೈ ಮೌಸಿಗೆ ಹೋಗುತ್ತದೆ.

ಸಾಗರದಿಂದ:

ಒಂದೊಂದೇ ಪದಕ್ಕೆ ಹೀಗೆ ಪರದಾಡುವುದಕ್ಕಿಂತ ಇಡೀ ಹಾಳೆಯನ್ನು ಕನ್ನಡದಲ್ಲೇ ಮಾಡಿ. ಗ್ರಾಪಿಕ್ಸ್ ಕಾರ್ಡಿಗೆ ತಿಟ್ಟಹಲಗೆ (ತಿಟ್ಟ ಅಂದರೆ ಚಿತ್ರ), ಸ್ಲಾಟಿಗೆ ಕಚ್ಚು, ಲ್ಯಾಚಿಗೆ ಅಗುಳಿ.

ಕಚ್ಚು ಎಂಬ ಪದವನ್ನು ಸ್ವಲ್ಪ ನೋಡಿ. ಮರಗೆಲಸದವರು ಮರಕ್ಕೆ ಕಚ್ಚು ಹಾಕುತ್ತಾರೆ. ಕಾರ್ಡು ಸ್ಲಾಟಿನಲ್ಲಿ ಕಚ್ಚಿಕೊಳ್ಳುತ್ತದೆ. ಹೆಸರೂ ಅದೇ, ಕೆಲಸವೂ ಅದೇ. ಹಳಗನ್ನಡದಲ್ಲಿ ಕರ್ಚು, ತೆಲುಗಿನಲ್ಲಿ ಕರಚು. ನಮ್ಮ ನುಡಿಯಲ್ಲೇ ಬೇರಿರುವ ಪದ. ಇಂಗ್ಲಿಶಿನ ಮುಂದೆ ಕೈ ಚಾಚುವುದು ಯಾಕೆ?

ಉಡುಪಿಯವರಿಗೆ ಒಂದು ಮಾತು. ಸಂಸ್ಕ್ರುತದಿಂದ ಬಂದು ನಮ್ಮ ಬಾಯಲ್ಲಿ ತಿರುಗಿದ ಪದ ನಮ್ಮದೇ. ತದ್ಬವ ಅಂತ ಹೇಳಿ ಹೆದರಿಸಬೇಡಿ.

ಉಡುಪಿಯಿಂದ:

ತಿಟ್ಟಹಲಗೆ! ಕರಾವಳಿಯಲ್ಲಿ ತಿಟ್ಟು ಅಂದರೆ ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟು. ಸಿಪಿಯು ಬಾಕ್ಸ್ ಬಿಚ್ಚಿದರೆ ಒಳಗಿಂದ ಚೆಂಡೆ ಸದ್ದು ಬರಬೇಕು.

ಹಲಗೆಗೂ ಸಂಸ್ಕೃತದ ಫಲಕಕ್ಕೂ ಇರುವ ನಂಟು ನಿಮಗೆ ಗೊತ್ತೇ ಇದೆ. ಅದಕ್ಕೂ ಮಹಾಪ್ರಾಣ ಬಿಟ್ಟು ಪಲಕ ಅಂತ ಬರೆದುಬಿಡಿ, ಜಗಳ ಮುಗಿಯಲಿ.

ಸಾಗರದಿಂದ:

ಪಲಕ ಅಂತಲೇ ಎಲ್ಲರೂ ಓದುವುದು. ಬರೆಯುವುದರಲ್ಲಿ ಮಾತ್ರ ಡೌಲು.

ಬೆಂಗಳೂರು, ಎಸ್.ಪಿ. ರೋಡಿನಿಂದ:

ನಾನು ಇಲ್ಲಿ ಕಂಪ್ಯೂಟರ್ ಬಿಡಿಭಾಗಗಳ ವ್ಯಾಪಾರ ಮಾಡುವವನು, ಪಂಡಿತನಲ್ಲ. ಸಾದರ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳಿದರೆ ಆಟೋದವರಿಗೇ ಗೊತ್ತಾಗಲ್ಲ, ಹಾಗಾಗಿ ಎಸ್.ಪಿ. ರೋಡ್ ಅಂತಲೇ ಬರೆದಿದ್ದೇನೆ.

ಈ ರಸ್ತೆಯಲ್ಲಿ ಎಲ್ಲರೂ ಅದಕ್ಕೆ ಲಾಕ್ ಅಂತಾರೆ. "ಲಾಕ್ ಬಿಡ್ಸಿ, ಆಮೇಲೆ ಎತ್ತಿ." ಅಷ್ಟೇ.

ಆದರೆ ಮೇಡಂ, ಹೆಸರಿಗಿಂತ ಕ್ರಿಯಾಪದ ನೋಡಿಕೊಳ್ಳಿ. "ಒತ್ತಿ" ಅಂತ ಬರೆದರೆ ಎಲ್ಲಾ ಬೋರ್ಡಿಗೂ ಸರಿಹೋಗಲ್ಲ. ಕೆಲವು ಬೋರ್ಡಿನಲ್ಲಿ ಲಾಕನ್ನು ಕೆಳಕ್ಕೆ ಒತ್ತಬೇಕು. ಕೆಲವದರಲ್ಲಿ ಪಕ್ಕಕ್ಕೆ ಸರಿಸಬೇಕು. ದುಬಾರಿ ಬೋರ್ಡುಗಳಲ್ಲಿ ಈಗ ಸ್ಲಾಟಿನಿಂದ ದೂರದಲ್ಲಿ ಒಂದು ಗುಂಡಿಯನ್ನೇ ಕೊಟ್ಟಿದ್ದಾರೆ. ಪಕ್ಕಕ್ಕೆ ಸರಿಯುವ ಲಾಕನ್ನು ಕೆಳಕ್ಕೆ ಅದುಮಿದರೆ ಅದೇ ಮುರಿಯೋದು. ಅದಕ್ಕೇ ನಾವು "ಬಿಡಿಸಿ" ಅನ್ನೋದು.

ಇನ್ನೊಂದು. ಈಗಿನ ಕಾರ್ಡುಗಳು ದಪ್ಪ, ಲಾಕ್ ಅದರ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಬೆರಳು ಹೋಗಲ್ಲ. ನಾವು ಐಸ್‌ಕ್ಯಾಂಡಿ ಕಡ್ಡಿ ಇಟ್ಟುಕೊಂಡಿರುತ್ತೇವೆ. ಸ್ಕ್ರೂಡ್ರೈವರ್ ತೂರಿಸಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಜಾರಿದರೆ ಬೋರ್ಡಿನ ಮೇಲಿನ ಸಣ್ಣ ಗೆರೆಗಳು ತುಂಡಾಗುತ್ತವೆ, ಆಮೇಲೆ ಬೋರ್ಡೇ ಬದಲಿಸಬೇಕಾಗುತ್ತದೆ.

ಮೈಸೂರಿನಿಂದ:

ಅಂಗಡಿಯಲ್ಲಿ ಆಡುವ ಮಾತನ್ನೆಲ್ಲ ನಿಘಂಟಿಗೆ ಸೇರಿಸುತ್ತಾ ಹೋದರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಎಸ್.ಪಿ. ರೋಡಿನಿಂದ:

ನಿಘಂಟಿಗೆ ಹಾಕಿ ಅಂತ ನಾನು ಕೇಳಲಿಲ್ಲ ಸರ್. ಗೋಡೆಗೆ ಹಾಕಿ ಅಂದೆ.

ತುಮಕೂರಿನಿಂದ:

ಕಡ್ಡಿಯ ವಿಷಯಕ್ಕೆ ಥ್ಯಾಂಕ್ಸ್, ಅದು ನನ್ನ ಹಾಳೆಯಲ್ಲಿ ಇರಲೇ ಇಲ್ಲ. ಹಾಗೇ ಎಸ್‌ಎಂಪಿಎಸ್‌ಗೂ, ಅಂದರೆ ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಡಬ್ಬಿಗೂ, ಒಂದು ಪದ ಹೇಳಿಬಿಡಿ. ಕಾರ್ಡಿಗೆ ಅಲ್ಲಿಂದ ಬೇರೆ ವೈರ್ ಬರುತ್ತದಲ್ಲ, ಆ ಸಾಲಿಗೆ ಬೇಕು.

ಮೈಸೂರಿನಿಂದ:

ವಿದ್ಯುತ್ ಸರಬರಾಜು ಘಟಕ.

ಉಡುಪಿಯಿಂದ:

ಮೇಷ್ಟ್ರೇ, ಬೆಳಿಗ್ಗೆ ಅಚ್ಚಗನ್ನಡ ಅಂದವರು ನೀವೇ ಅಲ್ವಾ? ವಿದ್ಯುತ್ ಸಂಸ್ಕೃತ, ಘಟಕ ಸಂಸ್ಕೃತ, ನಡುವಿನ ಸರಬರಾಜು ಪಾರಸಿ. ಕನ್ನಡ ಎಲ್ಲಿದೆ ತೋರಿಸಿ.

ಮೈಸೂರಿನಿಂದ:

ಸರಬರಾಜು ನೂರಾರು ವರ್ಷಗಳಿಂದ ನಮ್ಮಲ್ಲಿದೆ. ಎಸ್‌ಎಂಪಿಎಸ್ ನಿನ್ನೆ ಬಂದದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಧಾರವಾಡದಿಂದ:

ಹಾಗಾದರೆ ಎಷ್ಟು ವರ್ಷ ಆದ ಮೇಲೆ ಒಳಗೆ ಬಿಡುತ್ತೀರಿ? ಕುರ್ಚಿ ಅರಬ್ಬಿಯಿಂದ ಬಂತು, ಕಾಗದ ಪಾರಸಿಯಿಂದ ಬಂತು, ಚಾವಿ ಪೋರ್ಚುಗೀಸರಿಂದ. ಬಂದ ದಿನ ಇವಕ್ಕೂ ಯಾರೋ ಒಬ್ಬರು ಬಾಗಿಲಲ್ಲಿ ಅಗುಳಿ ಹಿಡಿದು ನಿಂತಿದ್ದಿರಬೇಕು.

ಸಾಗರದಿಂದ:

ಅಂಗಡಿಗೆ ಬಂದ ಸರಕಿನ ಜೊತೆ ಹೆಸರೂ ಬರುತ್ತದೆ, ಒಪ್ಪುತ್ತೇನೆ. ಆದರೆ ನಾವೇ ಒಂದು ಪದ ಕಟ್ಟುವ ಶಕ್ತಿ ಕಳೆದುಕೊಳ್ಳಬಾರದು. 13ನೇ ಶತಮಾನದಲ್ಲೇ ಆಂಡಯ್ಯ ಸಂಸ್ಕ್ರುತ ಬೆರೆಸದೆ ಒಂದು ಕಾವ್ಯವನ್ನೇ ಬರೆದ. ನಮಗೆ ಒಂದು ಹಾಳೆ ಬರೆಯಲು ಆಗುವುದಿಲ್ಲವೇ?

ಉಡುಪಿಯಿಂದ:

ಆಂಡಯ್ಯ ಬಿಟ್ಟದ್ದು ತತ್ಸಮವನ್ನು. ತದ್ಭವವನ್ನು ಎರಡೂ ಕೈಯಲ್ಲಿ ಬಾಚಿಕೊಂಡ. ಅರ್ಧ ಹೇಳಿ ಅರ್ಧ ನುಂಗಬೇಡಿ. ಅವನ ಲೆಕ್ಕದಲ್ಲಿ ಹೋದರೆ ಲಾಕು, ಕಾರ್ಡು, ಸ್ಲಾಟು ಮೂರೂ ಪಾಸ್. ಕೊನೆಗೆ ಉಕಾರ ಬಂದಿದೆ, ವಿಭಕ್ತಿ ಹತ್ತುತ್ತದೆ. ಇನ್ನೇನು ಬೇಕು?

ಸಾಗರದಿಂದ:

ಉಕಾರ ಹತ್ತಿದ್ದೆಲ್ಲ ತದ್ಬವ ಅಲ್ಲ. ಇಶ್ಟು ಓದಿದವರು ಹೀಗೆ ಬರೆದರೆ ಏನು ಹೇಳೋಣ.

ಕಲಬುರಗಿಯಿಂದ:

ಬೆಳಗಿನಿಂದ ಓದುತ್ತಿದ್ದೇನೆ. ನಮ್ಮ ಕಡೆಯ ಮಾತಿನಲ್ಲಿ ಉರ್ದು ಎಷ್ಟಿದೆ, ಮರಾಠಿ ಎಷ್ಟಿದೆ ಅಂತ ಎಣಿಸುತ್ತಾ ಕೂತರೆ ಊಟಕ್ಕೂ ಏಳಲಾಗದು. ಅವರು ಕೇಳಿದ್ದು ಒಂದು ಪ್ಲಾಸ್ಟಿಕ್ ತುಂಡಿನ ಹೆಸರು. ಚಿಲಕ ಅಂತ ಯಾಕೆ ಯಾರೂ ಹೇಳಲಿಲ್ಲ?

ಎಸ್.ಪಿ. ರೋಡಿನಿಂದ:

ಚಿಲಕ ಅಂದರೆ ಉದ್ದಕ್ಕೆ ಜಾರಿಸುವುದು ಸರ್. ಹುಡುಗರು ಅದನ್ನೂ ಹಾಗೇ ಜಾರಿಸಲು ನೋಡುತ್ತಾರೆ.

ತುಮಕೂರಿನಿಂದ:

ನಾಲ್ಕೂವರೆ ಆಯಿತು. ಎಸ್‌ಎಂಪಿಎಸ್ ಅನ್ನು ಹಾಗೇ ಬಿಡುತ್ತಿದ್ದೇನೆ, ಡಬ್ಬಿಯ ಮೇಲೂ ಮಕ್ಕಳ ಬಾಯಲ್ಲೂ ಅದೇ ಇದೆ. ಲ್ಯಾಚಿಗೆ ಲಾಕ್, ಪಕ್ಕದಲ್ಲಿ ಬಾಣದ ಗುರುತಿರುವ ಫೋಟೋ. ಹಾಳೆ ಹೀಗಿದೆ, ಯಾರಾದರೂ ಒಂದು ಸಲ ಕಣ್ಣಾಡಿಸಿ:

"ಕರೆಂಟ್ ಆಫ್ ಮಾಡಿ, ಪವರ್ ವೈರ್ ತೆಗೆಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯಲಿ. ಕಾರ್ಡಿಗೆ ಹಾಕಿರುವ ಎಸ್‌ಎಂಪಿಎಸ್ ವೈರ್ ಬಿಚ್ಚಿ. ಹಿಂಬದಿಯ ಸ್ಕ್ರೂ ತೆಗೆಯಿರಿ. ಒಂದು ಕೈಯಲ್ಲಿ ಕಾರ್ಡ್ ಹಿಡಿದುಕೊಂಡು ಇನ್ನೊಂದು ಕೈಯಿಂದ ಸ್ಲಾಟಿನ ತುದಿಯ ಲಾಕ್ ಬಿಡಿಸಿ. ಬೆರಳು ಹೋಗದಿದ್ದರೆ ಮರದ ಕಡ್ಡಿ ಬಳಸಿ, ಸ್ಕ್ರೂಡ್ರೈವರ್ ಬೇಡ. ಲಾಕ್ ಬಿಡುವ ತನಕ ಎಳೆಯಬೇಡಿ. ಹೊಸ ಕಾರ್ಡನ್ನು ನೇರವಾಗಿ ಇಟ್ಟು, ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಸ್ಕ್ರೂ ಹಾಕಿ, ವೈರ್ ಸಿಕ್ಕಿಸಿ."

ಧಾರವಾಡದಿಂದ:

ಚಲೋ ಇದೆ. ನಮ್ಮಲ್ಲಾದರೆ "ಕುಂಡ್ರಿಸಿ" ಅಂತಿದ್ದೆವು. ತುಮಕೂರಿಗೆ ಕೂರಿಸಿಯೇ ಇರಲಿ.

ಎಸ್.ಪಿ. ರೋಡಿನಿಂದ:

ಎರಡು ಸಾಲು ಸೇರಿಸಿ ಮೇಡಂ. ಒಂದು, "ವೈರ್ ಸಿಕ್ಕಿಸಿ" ಅಂತ ಬಿಟ್ಟರೆ ಸಾಲದು. ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವಾಟ್. 6 ಪಿನ್ ವೈರ್ ಇನ್ನೂ 75 ಕೊಡುತ್ತದೆ, 8 ಪಿನ್ನಿನದು 150. ಆದರೆ ಎಸ್‌ಎಂಪಿಎಸ್‌ನಿಂದ ಬರುವ 8 ಪಿನ್ ವೈರ್ ಎರಡು ಥರ ಇರುತ್ತದೆ. 6 ಮತ್ತು 2 ಪಿನ್ನಾಗಿ ಬಿಡಿಸಿಕೊಳ್ಳುವಂಥದ್ದು ಕಾರ್ಡಿಗೆ. 4 ಮತ್ತು 4 ಆಗುವಂಥದ್ದು ಪ್ರೊಸೆಸರಿಗೆ. ಇವೆರಡರಲ್ಲಿ ಪ್ಲಸ್ಸು, ಗ್ರೌಂಡು ಉಲ್ಟಾ ಇರುತ್ತವೆ. ಬಲವಂತವಾಗಿ ತುರುಕಿದರೆ ಹೊಸ ಕಾರ್ಡ್ ಸುಡುತ್ತದೆ.

ಇನ್ನೊಂದು, ಮಾನಿಟರಿನ ಕೇಬಲ್ ಹೊಸ ಕಾರ್ಡಿಗೇ ಹಾಕಬೇಕು, ಬೋರ್ಡಿಗಲ್ಲ. "ಕಾರ್ಡ್ ಕೆಟ್ಟಿದೆ, ಡಿಸ್‌ಪ್ಲೇ ಬರ್ತಿಲ್ಲ" ಅಂತ ನಮ್ಮಲ್ಲಿಗೆ ವಾಪಸ್ ತರುವವರಲ್ಲಿ ಸುಮಾರು ಜನ ಕೇಬಲ್ಲನ್ನು ಹಳೇ ಜಾಗದಲ್ಲೇ ಬಿಟ್ಟಿರುತ್ತಾರೆ.

ತುಮಕೂರಿನಿಂದ:

ಎರಡೂ ಸೇರಿಸಿದೆ. ಪ್ರಿಂಟಿಗೆ ಹೋಯಿತು. ಎಲ್ಲರಿಗೂ ಥ್ಯಾಂಕ್ಸ್.

ಮೈಸೂರಿನಿಂದ:

ಪ್ರಿಂಟಿಗಲ್ಲ, ಅಚ್ಚಿಗೆ.

ಉಡುಪಿಯಿಂದ:

ಫ್ಲೆಕ್ಸ್ ಮಷಿನಿನಲ್ಲಿ ಅಚ್ಚು ಎಲ್ಲಿದೆ ಮೇಷ್ಟ್ರೇ?