ಮೂರನೇ ಸೆಟ್‌ನಲ್ಲಿ ಸೋಲೋದು ಕಾಲೋ, ತಲೆಯೋ?

ಬಳ್ಳಾರಿ ಅಪ್ಪ: ಮಗಳಿಗೆ 13 ವರ್ಷ. ಹೋದ ವಾರ ಹುಬ್ಬಳ್ಳಿಯಲ್ಲಿ ಟೆನಿಸ್ ಮ್ಯಾಚ್ ಇತ್ತು. ಮೊದಲ ಸೆಟ್ 6-2 ಗೆದ್ದಳು. ಎರಡನೇದರಲ್ಲಿ 5-3 ಮುಂದಿದ್ದಳು. ಅಲ್ಲಿ ಒಂದು ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಹೋಗೋದು), ಅದರ ಹಿಂದೆ ಇನ್ನೊಂದು. ಆ ಸೆಟ್ ಹೋಯಿತು, ಮೂರನೇದರಲ್ಲಿ ಒಂದೇ ಗೇಮ್ ಬಂತು. ಬೆಂಗಳೂರಿಗೆ ಹೋಗಿ ಮೆಂಟಲ್ ಕೋಚ್‌ಗೆ ತೋರಿಸಿ ಅಂತ ಕೋಚ್ ಹೇಳುತ್ತಾರೆ. ನಮ್ಮ ತಂದೆ, "ಓಡಿಸು, ಕಾಲು ಗಟ್ಟಿಯಾದರೆ ತಲೆ ತಾನೇ ಗಟ್ಟಿಯಾಗುತ್ತೆ" ಅಂತಾರೆ. ಇವಳು ನೋಡಿದರೆ ಚಿನ್ನದ ಪದಕ ಕಚ್ಚಿಕೊಂಡಿರೋ ಜೊಕೊವಿಚ್ ಫೋಟೊ ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಒಲಿಂಪಿಕ್ಸ್ ಬಿಟ್ಟು ಬೇರೆ ಮಾತಿಲ್ಲ. ದೊಡ್ಡ ಆಟಗಾರರು ಯಾವುದಕ್ಕೆ ಜಾಸ್ತಿ ಒತ್ತು ಕೊಡ್ತಾರೆ?

ಕೋಟೆ ಕೆಳಗಿನವ: ನಿಮ್ಮ ತಂದೆ ಹೇಳಿದ್ದೇ ಸರಿ. ಅದೇ ಜೊಕೊವಿಚ್‌ನ ನೋಡಿ. 2024ರ ಜೂನ್‌ನಲ್ಲಿ ಮಂಡಿ ಆಪರೇಷನ್. ಜುಲೈನಲ್ಲಿ ವಿಂಬಲ್ಡನ್ ಫೈನಲ್. ಆಗಸ್ಟ್ 4ಕ್ಕೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಪೇನ್‌ನ ಅಲ್ಕರಾಜ್‌ನ ಎರಡು ಟೈಬ್ರೇಕರ್‌ನಲ್ಲಿ (ಸೆಟ್ 6-6 ಆದಾಗ ಆಡೋ ನಿರ್ಣಾಯಕ ಗೇಮ್) ಸೋಲಿಸಿ ಚಿನ್ನ. ವಯಸ್ಸು 37. ಕಣ್ಣು ಮುಚ್ಚಿ ಕೂತರೆ ಮಂಡಿ ವಾಸಿ ಆಗಲ್ಲ ಸ್ವಾಮಿ.

ರಾಯಚೂರು ರ‍್ಯಾಲಿ: ಅರ್ಧ ಕಥೆ ಹೇಳಿ ಬಿಟ್ಟಿರಿ. ಅದೇ ಮನುಷ್ಯ ಆ ಚಿನ್ನಕ್ಕೆ 16 ವರ್ಷ ಅಲೆದ. 2008ರಲ್ಲಿ ಬೀಜಿಂಗ್‌ನಲ್ಲಿ ಕಂಚು. 2012ರಲ್ಲಿ ಅದೂ ಇಲ್ಲ. 2016ರಲ್ಲಿ ಮೊದಲ ಸುತ್ತಲ್ಲೇ ಡೆಲ್ ಪೊಟ್ರೊ ಕೈಲಿ ಸೋತು ಅತ್ತುಕೊಂಡು ಹೋದ. 2021ರ ಟೋಕಿಯೋಗೆ ಬಂದಾಗ ಆ ವರ್ಷದ ಮೂರು ಗ್ರ್ಯಾಂಡ್‌ಸ್ಲಾಮ್ ಜೇಬಲ್ಲಿತ್ತು. ಸೆಮಿಫೈನಲ್‌ನಲ್ಲಿ ಜ್ವೆರೆವ್ ಮೇಲೆ ಮೊದಲ ಸೆಟ್ 6-1. ಆಮೇಲೆ 3-6, 1-6. ನಿಮ್ಮ ಮಗಳ ಮ್ಯಾಚೇ ಅಲ್ವಾ ಇದು? ಮರುದಿನ ಕಂಚಿನ ಮ್ಯಾಚಲ್ಲಿ ರಾಕೆಟ್ ಸ್ಟ್ಯಾಂಡಿಗೆ ಎಸೆದ, ಅದನ್ನೂ ಸೋತ. ಕಾಲು ಗಟ್ಟಿ ಇರಲಿಲ್ವಾ ಹಂಗಾದ್ರೆ?

ಗಂಗಾವತಿ ಟೀಚರ್: ಟೋಕಿಯೋ ಬಿಸಿಲು ಮರೆತಿರಾ? ಸೆಕೆಗೆ ಸ್ಪೇನ್ ಆಟಗಾರ್ತಿ ಬಡೋಸಾಳನ್ನು ಗಾಲಿ ಕುರ್ಚಿಯಲ್ಲಿ ಕೋರ್ಟಿನಿಂದ ಹೊರಗೆ ಕರೆದೊಯ್ದರು. ಆಮೇಲೆ ಮ್ಯಾಚ್ ಶುರುವಾಗೋದನ್ನೇ ಮಧ್ಯಾಹ್ನ 3ಕ್ಕೆ ತಳ್ಳಿದರು. ಅಪ್ಪ ಅವರೇ, ಹುಬ್ಬಳ್ಳಿಯಲ್ಲಿ ಮ್ಯಾಚ್ ಎಷ್ಟು ಹೊತ್ತಿಗೆ?

ಬಳ್ಳಾರಿ ಅಪ್ಪ: 12ಕ್ಕೆ ಶುರು. ಮೂರನೇ ಸೆಟ್ ಹೊತ್ತಿಗೆ ಒಂದೂಮುಕ್ಕಾಲು.

ಗಂಗಾವತಿ ಟೀಚರ್: ಪ್ರಾಕ್ಟೀಸ್?

ಬಳ್ಳಾರಿ ಅಪ್ಪ: ಬೆಳಿಗ್ಗೆ 6ರಿಂದ 8. ಆಮೇಲೆ ಇಲ್ಲಿ ಯಾರು ನಿಲ್ತಾರೆ ಮೇಡಂ.

ಕೋಟೆ ಕೆಳಗಿನವ: ಬಳ್ಳಾರಿ ಮಕ್ಕಳಿಗೆ ಬಿಸಿಲಿನ ಪಾಠನಾ? 42 ಡಿಗ್ರಿಯಲ್ಲಿ ಮಿರ್ಚಿ ತಿನ್ನೋ ಜನ ನಾವು.

ಗಂಗಾವತಿ ಟೀಚರ್: ಫ್ಯಾನ್ ಕೆಳಗೆ ಕೂತು ತಿಂತೀರಿ. ಬಿಸಿಲೂರಲ್ಲಿ ಹುಟ್ಟೋದು ಬೇರೆ, ಬಿಸಿಲಲ್ಲಿ ಓಡೋದು ಬೇರೆ. ಮೈ ಒಗ್ಗೋಕೆ 10ರಿಂದ 14 ದಿನ ಬೇಕು, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾ. ಒಗ್ಗಿದ ಮೈ ಬೇಗ ಬೆವರುತ್ತೆ, ಬೆವರಲ್ಲಿ ಉಪ್ಪು ಕಡಿಮೆ ಹೋಗುತ್ತೆ. ಮೈತೂಕದಲ್ಲಿ ಶೇಕಡಾ 2ರಷ್ಟು ನೀರು ಹೋದರೆ ಆಟ ಕುಸಿಯೋಕೆ ಶುರು. 40 ಕೆಜಿ ಹುಡುಗಿಗೆ ಅದು ಬರೀ 800 ಗ್ರಾಂ. ಆಟಕ್ಕೆ ಮುಂಚೆ, ಆಟ ಮುಗಿದ ಮೇಲೆ ತೂಕ ಮಾಡಿ, ಗೊತ್ತಾಗುತ್ತೆ. ಹಾಗಂತ ನಾಳೆಯೇ 12 ಗಂಟೆಗೆ ನಿಲ್ಲಿಸಬೇಡಿ, ಮಗು ಅದು. ಮೊದಲು 8ರ ಬದಲು 9ರವರೆಗೆ. ಉಪ್ಪು ಹಾಕಿದ ನೀರು ಮಜ್ಜಿಗೆ ಕೊಡಿ. ತಲೆನೋವು, ಸುಸ್ತು ಅಂದರೆ ಅಲ್ಲಿಗೇ ಬಿಡಿ.

ರಾಯಚೂರು ರ‍್ಯಾಲಿ: ಮಜ್ಜಿಗೆ ಸರಿ, ಡಬಲ್ ಫಾಲ್ಟ್ ಆಗಿದ್ದು 5-3ರಲ್ಲಿ. ಅದು ಭಯ.

ಮಂಡಕ್ಕಿ ಮಿರ್ಚಿ: ಭಯಕ್ಕೆ ಮೆಂಟಲ್ ಕೋಚ್ ಔಷಧ ಅಂತೀರಾ? ಪೋಲೆಂಡ್ ಆಟಗಾರ್ತಿ ಶ್ವಿಯಾಂಟೆಕ್ ಮನಶಾಸ್ತ್ರಜ್ಞೆಯನ್ನ ಜೊತೆಗೇ ಕರ್ಕೊಂಡು ತಿರುಗ್ತಾಳೆ. ಫ್ರೆಂಚ್ ಓಪನ್ ನಾಲ್ಕು ಸಲ ಗೆದ್ದ ಅದೇ ಅಂಗಳದಲ್ಲಿ, ಪ್ಯಾರಿಸ್ ಒಲಿಂಪಿಕ್ಸ್ ಸೆಮಿಯಲ್ಲಿ ಚೀನಾದ ಜೆಂಗ್ ಕೈಲಿ ಸೋತಳು.

ರಾಯಚೂರು ರ‍್ಯಾಲಿ: ಮರುದಿನ ಏನಾಯ್ತು ಅದೂ ಹೇಳಿ. ಬಂದು 6-2, 6-1ರಲ್ಲಿ ಕಂಚು ಗೆದ್ದಳು. ಅತ್ತ ಕಣ್ಣು ಇನ್ನೂ ಆರಿರಲಿಲ್ಲ. ತಲೆಗೆ ಕೊಟ್ಟ ತಯಾರಿ ಕಾಣೋದು ಅಲ್ಲಿ. ಸೋಲೋದೇ ಇಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ.

ಮಂಡಕ್ಕಿ ಮಿರ್ಚಿ: ಒಪ್ಪಿದೆ. ಆದ್ರೆ ಅದಕ್ಕೆಲ್ಲ ದುಡ್ಡು ಬೇಕು ಮಾರಾಯ್ರೆ. ಪಕ್ಕದ ತೋರಣಗಲ್ಲಲ್ಲಿ ದೊಡ್ಡ ಕ್ರೀಡಾ ಕೇಂದ್ರ ಇದೆ. ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್ ಎಲ್ಲ ಉಂಟು. ಟೆನಿಸ್ ಮಕ್ಕಳಿಗೆ? ಸಾಹೇಬರ ಆಟ ಮುಗಿದ ಮೇಲೆ ಉಳಿದ ಕೋರ್ಟು.

ಕೋಟೆ ಕೆಳಗಿನವ: ನಮ್ಮ ಲಿಯಾಂಡರ್ ಪೇಸ್‌ಗೆ ಏನಿತ್ತು? 1996ರ ಒಲಿಂಪಿಕ್ಸ್‌ನಲ್ಲಿ ರ‍್ಯಾಂಕಿಂಗ್ 100ರ ಆಚೆ. ಮಣಿಕಟ್ಟು ನೋವು. ಮೊದಲ ಸೆಟ್ ಸೋತು, ಆಮೇಲೆ ಎರಡೂ ಗೆದ್ದು ಕಂಚು ತಂದ. ಟೆನಿಸ್‌ನಲ್ಲಿ ನಮ್ಮ ದೇಶಕ್ಕೆ ಇವತ್ತಿಗೂ ಅದೊಂದೇ ಪದಕ.

ರಾಯಚೂರು ರ‍್ಯಾಲಿ: ಅಣ್ಣಾ, ಅದು ತಲೆ ಗಟ್ಟಿ ಇದ್ದಿದ್ದಕ್ಕೇ. ನೀವೀಗ ನನ್ನ ಕಡೆ ಬಂದಿರಿ, ಗೊತ್ತಾಯ್ತಾ? 😄

ಗಂಗಾವತಿ ಟೀಚರ್: ಎರಡನ್ನೂ ಬೇರೆ ಬೇರೆ ಚೀಲಕ್ಕೆ ತುಂಬಬೇಡಿ. ಪಾಯಿಂಟ್ ನಡುವೆ 25 ಸೆಕೆಂಡ್ ಸಿಗುತ್ತೆ. ನಮ್ಮ ಮಕ್ಕಳು ಫಾಲ್ಟ್ ಆದ ಸಿಟ್ಟಿಗೆ ಆರೇಳು ಸೆಕೆಂಡಲ್ಲೇ ಮತ್ತೆ ಚೆಂಡು ಎತ್ತುತ್ತಾರೆ. ಎದೆ ಇನ್ನೂ ಹೊಡ್ಕೋತಿರುತ್ತೆ, ಕೈ ಬಿಗಿದಿರುತ್ತೆ, ಚೆಂಡು ನೆಟ್ಟಿಗೆ. ನಾನು ಮಾಡ್ಸೋದು ಇಷ್ಟು. ಬೇಸ್‌ಲೈನಿಂದ (ಅಂಗಳದ ಹಿಂದಿನ ಗೆರೆ) ನೆಟ್‌ವರೆಗೆ ಆರು ಸಲ ಓಡು. ಏದುಸಿರಲ್ಲೇ ಬಂದು ನಿಲ್ಲು. ಅಂಗಳಕ್ಕೆ ಬೆನ್ನು ಮಾಡು. ರಾಕೆಟ್ ತಂತಿ ನೇರ ಮಾಡ್ತಾ ಮೂರು ಸಲ ಉದ್ದಕ್ಕೆ ಉಸಿರು ಬಿಡು. ತಿರುಗು, ಚೆಂಡು ನಾಲ್ಕು ಸಲ ಪುಟಿಸು, ಸರ್ವ್ ಮಾಡು. ಹೀಗೆ 20 ಸರ್ವ್. ಕಾಲೂ ಆಯ್ತು, ತಲೆಯೂ ಆಯ್ತು. ಇನ್ನೊಂದು ಪ್ರಶ್ನೆ ಅಪ್ಪ ಅವರೇ. ಮ್ಯಾಚಲ್ಲಿ ನೀವು ಕೂತಿದ್ದು ಎಲ್ಲಿ?

ಬಳ್ಳಾರಿ ಅಪ್ಪ: ಜಾಲರಿಗೆ ಅಂಟಿಕೊಂಡೇ ನಿಂತಿದ್ದೆ.

ಗಂಗಾವತಿ ಟೀಚರ್: ಡಬಲ್ ಫಾಲ್ಟ್ ಆದಾಗ ಅವಳು ಎಲ್ಲಿ ನೋಡಿದಳು?

ಬಳ್ಳಾರಿ ಅಪ್ಪ: ನನ್ನ ಮುಖ. ನಾನು ತಲೆ ಮೇಲೆ ಕೈ ಇಟ್ಕೊಂಡಿದ್ದೆ.

ಮಂಡಕ್ಕಿ ಮಿರ್ಚಿ: ಅಯ್ಯೋ ಸಾರ್!

ಕೋಟೆ ಕೆಳಗಿನವ: ಬೆಂಗಳೂರಿಗೆ ಹೋದರೆ ನೀವೂ ಒಂದು ಅಪಾಯಿಂಟ್‌ಮೆಂಟ್ ತಗೊಂಡ್ಬಿಡಿ.

ಬಳ್ಳಾರಿ ಅಪ್ಪ: ನಗಿ, ನಗಿ. ಮುಂದಿನ ಮ್ಯಾಚಿಗೆ ಗೇಟ್ ಆಚೆ ಚಹಾ ಅಂಗಡೀಲಿ ಕೂರ್ತೀನಿ. ಆ 20 ಸರ್ವ್ ನಾಳೆಯಿಂದಲೇ ಶುರು. ತೂಕಕ್ಕೆ ಮಾತ್ರ ಮನೇಲಿ ಯಂತ್ರ ಇಲ್ಲ. ಕೋರ್ಟ್ ಎದುರು ಮೆಣಸಿನಕಾಯಿ ಮಂಡಿ ಇದೆ, ಅವರ ತಕ್ಕಡಿ ನಡೆಯುತ್ತಾ ಟೀಚರ್?

ಗಂಗಾವತಿ ಟೀಚರ್: ನೂರು ಗ್ರಾಂ ವ್ಯತ್ಯಾಸ ತೋರಿಸಿದರೆ ನಡೆಯುತ್ತೆ. ಶೂ ಬಿಚ್ಚಿಸಿ, ಬೆವರು ಒರೆಸಿ ನಿಲ್ಲಿಸಿ. ಘಾಟಿಗೆ ಸೀನಿದರೆ ನಾನು ಹೊಣೆ ಅಲ್ಲ.