ಕಣ್ಣು ಎಲ್ಲಿ ನೋಡ್ತು ಅಂತ ಅಳೆದು ಮಿಲಿಟರಿ ಏರ್ ಟ್ರಾಫಿಕ್ ಕಂಟ್ರೋಲರ್‌ಗೆ ಮಾರ್ಕ್ಸ್ ಕೊಡ್ಬಹುದಾ?

ಶರಾವತಿ_ಎಂಟೆಕ್: ಎಲ್ರಿಗೂ ನಮಸ್ಕಾರ. ಪ್ರಾಜೆಕ್ಟಿಗೆ ಐ ಟ್ರ್ಯಾಕಿಂಗ್ ತಗೊಂಡಿದೀನಿ. ಸಿಮ್ಯುಲೇಟರಲ್ಲಿ ಇನ್‌ಸ್ಟ್ರಕ್ಟರ್ ಹಿಂದೆ ನಿಂತು ನೋಡಿ ಮಾರ್ಕ್ಸ್ ಹಾಕೋ ಬದ್ಲು, ರಾಡಾರ್ ಸ್ಕ್ರೀನಲ್ಲಿ ಕಣ್ಣು ಎಲ್ಲಿ ಎಷ್ಟು ಹೊತ್ತು ನಿಲ್ತು ಅನ್ನೋದ್ರಿಂದ್ಲೇ ಸ್ಕೋರ್ ತೆಗೆದ್ರೆ ಹೇಗೆ? ಏರ್‌ಪೋರ್ಟಿನ ಕಂಟ್ರೋಲ್ ಟವರಲ್ಲಿ ಕೆಲ್ಸ ಮಾಡಿದೋರು ಇದ್ರೆ ದಯವಿಟ್ಟು ಹೇಳಿ.

ಹಳೇ_ಟವರ್: ಬರೀ ಹೊತ್ತು ಅಳೆದ್ರೆ ಮೋಸ ಹೋಗ್ತೀರಮ್ಮ. ಗೋವಾದ ದಾಬೋಲಿಂ ತಗೊಳ್ಳಿ, ಅಲ್ಲಿ ಟ್ರಾಫಿಕ್ ನೋಡ್ಕೊಳ್ಳೋದು ನೇವಿಯೋರು, ಇರೋದು ಒಂದೇ ರನ್‌ವೇ, ಪ್ಯಾಸೆಂಜರ್ ಏರ್‌ಬಸ್ ಇಳಿಯೋಕೆ ಬರ್ತಿರತ್ತೆ, ಅದೇ ಹೊತ್ತಿಗೆ ನೇವಿಯ ಫೈಟರ್ ಮಿಗ್-29ಕೆ ಫ್ಯುಯೆಲ್ ಕಮ್ಮಿ ಅಂತ ವಾಪಸ್ ಬರತ್ತೆ, ಎರಡರ ಸ್ಪೀಡೂ ಬೇರೆ. ಅನುಭವ ಇರೋನು ರಾಡಾರಲ್ಲಿ ಫೈಟರ್ ಲೇಬಲ್ (ವಿಮಾನದ ಗುರುತು, ಹೈಟ್ ತೋರಿಸೋ ಬರಹ) ನೋಡ್ತಾನೆ, ಏರ್‌ಬಸ್ ಎಷ್ಟು ದೂರ ಇದೆ ನೋಡ್ತಾನೆ, ತಲೆ ಎತ್ತಿ ರನ್‌ವೇ ಖಾಲಿನಾ ನೋಡಿ ಮತ್ತೆ ಫೈಟರ್‌ಗೆ ಬರ್ತಾನೆ. ಹೊಸಬ ಫೈಟರ್ ಮೇಲೇ ಕಣ್ಣು ನೆಟ್ಟು ಕೂತಿರ್ತಾನೆ, ಏರ್‌ಬಸ್ ಮರ್ತೇ ಹೋಗಿರತ್ತೆ. ನಿಮ್ಮ ಲೆಕ್ಕದಲ್ಲಿ ಅವನಿಗೇ ಜಾಸ್ತಿ ಮಾರ್ಕ್ಸ್ ಬೀಳತ್ತೆ! ಯಾವುದಾದ್ಮೇಲೆ ಯಾವುದು ನೋಡ್ದ ಅನ್ನೋದನ್ನ ಅಳೀರಿ.

ಗುಬ್ಬಿ_ಲ್ಯಾಬ್: ಸರ್ ಹೇಳಿದ್ದು ನೂರಕ್ಕೆ ನೂರು ಸರಿ. 1940ರ ದಶಕದ ಕೊನೇಲೇ ಅಮೆರಿಕದ ಏರ್‌ಫೋರ್ಸಿಗಾಗಿ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ತಂಡದೋರು ಪೈಲಟ್‌ಗಳ ಕಣ್ಣನ್ನ ಸಿನಿಮಾ ಕ್ಯಾಮೆರಾದಲ್ಲಿ ಹಿಡಿದು ಫ್ರೇಮ್ ಫ್ರೇಮ್ ಎಣಿಸಿದ್ರು. ಪದೇಪದೇ ನೋಡಿದ ಮೀಟರ್ ಮುಖ್ಯವಾದದ್ದು, ಜಾಸ್ತಿ ಹೊತ್ತು ನೋಡಿದ್ದು ಓದೋಕೆ ಕಷ್ಟವಾದದ್ದು ಅಂತ ಅವ್ರು ಆಗ್ಲೇ ಬಿಡಿಸಿ ಹೇಳಿದಾರೆ. ಇನ್ನೊಂದು, ಪಾಪೆ ಅಗಲ ಆದ್ರೆ ತಲೆಗೆ ಕೆಲ್ಸ ಜಾಸ್ತಿ ಬಿದ್ದಿದೆ ಅಂತಾರಲ್ಲ, ಅದನ್ನ ಹುಷಾರಾಗಿ ನೋಡಿ, ಬೆಳಕು ಕಮ್ಮಿ ಆದ್ರೂ ಪಾಪೆ ಅಗಲ ಆಗತ್ತೆ, ಹಾಗಾಗಿ ಸ್ಕ್ರೀನ್ ಬ್ರೈಟ್‌ನೆಸ್ಸೂ ರೂಮಿನ ಲೈಟೂ ಬದಲಾಗದ ಹಾಗೆ ಇಡಿ. ಟ್ರ್ಯಾಕರ್ ಕೆಲ್ಸ ಮಾಡೋದು ಇನ್‌ಫ್ರಾರೆಡ್ ಬೆಳಕಲ್ಲಿ, ಕಿಟಕಿಯಿಂದ ಬಿಸಿಲು ಬಿದ್ರೆ ಡೇಟಾ ಹಾಳು. ಸ್ಟ್ರಿಪ್ (ಒಂದೊಂದು ವಿಮಾನದ ವಿವರ ಬರೆದ ಪಟ್ಟಿ) ನೋಡೋಕೆ ತಲೆ ಬಗ್ಗಿಸ್ತಾರೆ, ಹಾಗಾಗಿ ಟ್ರ್ಯಾಕರನ್ನ ಮಾನಿಟರ್ ಕೆಳಗೆ ಕೂರಿಸೋದಕ್ಕಿಂತ ಕನ್ನಡಕದ ಥರ ಹಾಕ್ಕೊಳ್ಳೋದು ವಾಸಿ.

ಶರಾವತಿ_ಎಂಟೆಕ್: ತುಂಬಾ ಥ್ಯಾಂಕ್ಸ್. ಹಾಗಾದ್ರೆ ಕಣ್ಣಿನ ಡೇಟಾ ಜೊತೆ ಆರ್‌ಟಿ (ಪೈಲಟ್ ಜೊತೆಗಿನ ರೇಡಿಯೋ ಮಾತು) ಆಡಿಯೋನೂ ಒಂದೇ ಟೈಮಿಗೆ ಜೋಡಿಸಿ, ಎಕ್ಸರ್‌ಸೈಜ್ ಮುಗಿದ್ಮೇಲೆ ಕೂತು ಚರ್ಚಿಸೋ ಡಿಬ್ರೀಫಲ್ಲಿ ವಿಡಿಯೋ ತೋರಿಸೋ ಹಾಗೆ ಮಾಡ್ಲಾ?

ಹಳೇ_ಟವರ್: ಖಂಡಿತ ಮಾಡಿ. ಆರ್‌ಟಿ ಬೇಕೇ ಬೇಕು, ಪೈಲಟ್ ದನಿ ಕೇಳೇ ಎಷ್ಟೋ ವಿಷ್ಯ ಗೊತ್ತಾಗತ್ತೆ, ಆಗ ಕಣ್ಣು ಎಲ್ಲಿದ್ರೂ ಒಂದೇ. ಲೇಬಲ್ ಮೇಲೆ ಕಣ್ಣಿದ್ರೂ ತಪ್ಪು ಹೈಟ್ ಗಮನಕ್ಕೆ ಬರದೇ ಇರೋದು ಉಂಟು, ಅಂಥ ಕಡೆ ವಿಡಿಯೋ ನಿಲ್ಸಿ "ಇಲ್ಲಿ ಏನು ಯೋಚಿಸ್ತಿದ್ದೆ" ಅಂತ ಅವನನ್ನೇ ಕೇಳ್ಬೇಕು. ಪಾಸು ಫೇಲು ಇನ್‌ಸ್ಟ್ರಕ್ಟರ್ ಕೈಲೇ ಇರ್ಲಿ. ರೆಕಾರ್ಡಿಂಗ್ ಪ್ರಮೋಶನ್ ಫೈಲಿಗೆ ಹೋಗಲ್ಲ ಅಂತ ಹುಡುಗ್ರಿಗೆ ಮೊದ್ಲೇ ಬರೆದು ಕೊಡಿ, ಇಲ್ಲಾಂದ್ರೆ ವಿಮಾನ ಬಿಟ್ಟು ಮೆಷಿನ್ ಮೆಚ್ಚೋ ಹಾಗೆ ಕಣ್ಣು ಆಡಿಸೋದು ಕಲೀತಾರೆ.